ಬೆರಳಿಗೊಂದು ಲೆಕ್ಕ, ತೊಗಲಿಗೊಂದು ಹದ

ಒಳ್ಳೆಯ ಕೈಗವಸೊಂದು ಸಿದ್ಧವಾಗಬೇಕಾದರೆ ಮೂರು ರಾಜ್ಯಗಳು ಕೂಡಿ ದುಡಿಯಬೇಕು ಎಂಬ ಹಳೆಯ ಮಾತು ಯುರೋಪಿನಲ್ಲಿದೆ. ತೊಗಲು ಹದ ಮಾಡಲು ಸ್ಪೇನ್, ಕತ್ತರಿಸಲು ಫ್ರಾನ್ಸ್, ಹೊಲಿಯಲು ಇಂಗ್ಲೆಂಡ್. ಅಂಗೈಯಗಲದ ಒಂದು ವಸ್ತುವಿಗೆ ಇಷ್ಟೊಂದು ಬಡಿವಾರವೇ ಎಂದು ನಗು ಬರಬಹುದು. ಆದರೆ ಈ ಕಸುಬು ಕಲಿಯಲು ಕುಳಿತವರಿಗೆ ಮಾತಿನ ಹುರುಳು ಬಹುಬೇಗ ತಿಳಿಯುತ್ತದೆ. ಹದ, ಕತ್ತರಿ, ಹೊಲಿಗೆ ಈ ಮೂರರಲ್ಲಿ ಯಾವುದೊಂದು ಕೆಟ್ಟರೂ ಉಳಿದೆರಡು ಅದನ್ನು ಸರಿಪಡಿಸಲಾರವು.

ಅಂಗಿ ಒಂದಿಷ್ಟು ಸಡಿಲವಾದರೆ ನಡೆಯುತ್ತದೆ. ಪೈಜಾಮ ನಾಲ್ಕು ಬೆರಳು ಉದ್ದವಾದರೆ ಮಡಚಿ ಹೊಲಿಯಬಹುದು. ಕೈಗವಸಿಗೆ ಆ ಸವಲತ್ತಿಲ್ಲ. ಮನುಷ್ಯನ ಒಂದು ಕೈಯಲ್ಲಿ 27 ಮೂಳೆಗಳಿವೆ. ಐದು ಬೆರಳುಗಳೂ ಬೇರೆ ಬೇರೆ ಉದ್ದದವು. ಹೆಬ್ಬೆರಳಂತೂ ಉಳಿದ ನಾಲ್ಕಕ್ಕೆ ಎದುರಾಗಿ ತಿರುಗುವ ಸ್ವತಂತ್ರ ಜೀವಿ. ಮುಷ್ಟಿ ಕಟ್ಟಿದಾಗ ಬೆರಳುಗಳ ಹಿಂಬದಿ ಹಿಗ್ಗಬೇಕು, ಬಿಚ್ಚಿದಾಗ ಅಂಗೈಯಲ್ಲಿ ಸುಕ್ಕು ಬೀಳಬಾರದು. ಚಪ್ಪಟೆಯಾಗಿ ಹಾಸಿದ ತೊಗಲಿನ ತುಂಡೊಂದನ್ನು ಹೀಗೆ ಸದಾ ಚಲಿಸುವ ಅವಯವಕ್ಕೆ ಎರಡನೆಯ ಚರ್ಮದಂತೆ ತೊಡಿಸುವುದೇ ಈ ವಿದ್ಯೆಯ ಸಾರ.

ರಾಜನ ಸಮಾಧಿಯಿಂದ ಕವಿಯ ಮನೆಗೆ

ಕೈಗವಸು ಹೊಸ ವಸ್ತುವೇನಲ್ಲ. 1922ರಲ್ಲಿ ಈಜಿಪ್ಟಿನ ಟುಟಾಂಕಾಮನ್ ದೊರೆಯ ಸಮಾಧಿಯನ್ನು ತೆರೆದಾಗ ಅಲ್ಲಿ ನಾರುಬಟ್ಟೆಯ ಕೈಗವಸುಗಳು ದೊರೆತವು. ಅವುಗಳಿಗೆ ಮೂರು ಸಾವಿರ ವರ್ಷಗಳಿಗೂ ಮಿಕ್ಕಿದ ವಯಸ್ಸು. ಮಧ್ಯಯುಗದ ಯುರೋಪಿನಲ್ಲಿ ಕೈಗವಸು ಬರಿಯ ಉಡುಪಾಗಿ ಉಳಿಯಲಿಲ್ಲ; ಅದು ಅಧಿಕಾರದ ಗುರುತು ಆಯಿತು. ಬಿಷಪ್ಪರು ಪೂಜೆಯ ವೇಳೆ ತೊಡುತ್ತಿದ್ದರು, ಯೋಧರು ದ್ವಂದ್ವಕ್ಕೆ ಆಹ್ವಾನಿಸಲು ಎದುರಾಳಿಯ ಮುಂದೆ ಎಸೆಯುತ್ತಿದ್ದರು. ಬ್ರಿಟನ್ನಿನಲ್ಲಿ ಪಟ್ಟಾಭಿಷೇಕದ ವಿಧಿಗಳಲ್ಲಿ ಬಲಗೈಗೆ ಕವಸು ತೊಡಿಸುವುದು ಇಂದಿಗೂ ಉಳಿದುಬಂದಿದೆ. 2023ರಲ್ಲಿ ಮೂರನೆಯ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಬಳಸಿದ್ದು ಅವರ ಅಜ್ಜ ಆರನೆಯ ಜಾರ್ಜ್‌ಗಾಗಿ 1937ರಲ್ಲಿ ಮಾಡಿದ ಬಿಳಿಯ ತೊಗಲಿನ ಕವಸನ್ನು.

ಬೇಡಿಕೆ ಇದ್ದಲ್ಲಿ ಕಸುಬುದಾರರ ಸಂಘಗಳೂ ಹುಟ್ಟಿದವು. ಲಂಡನ್ನಿನ ಕೈಗವಸುಗಾರರ ಸಂಘದ ಕಟ್ಟುಪಾಡುಗಳು 1349ರಷ್ಟು ಹಳೆಯವು. ಇಂಗ್ಲೆಂಡಿನಲ್ಲಿ 1563ರ ಕಾಯಿದೆಯ ಪ್ರಕಾರ ಕಸುಬು ಕಲಿಯಬಯಸುವ ಹುಡುಗ ಏಳು ವರ್ಷ ಗುರುವಿನ ಮನೆಯಲ್ಲಿ ದುಡಿಯಬೇಕಿತ್ತು. ವಿಲಿಯಂ ಷೇಕ್ಸ್‌ಪಿಯರನ ತಂದೆ ಜಾನ್ ಇದೇ ಕಸುಬಿನವನು. ಪಟಿಕದಿಂದ ತೊಗಲನ್ನು ಬೆಳ್ಳಗೆ ಹದ ಮಾಡಿ ಕೈಗವಸು ಹೊಲಿದು ಮಾರುತ್ತಿದ್ದ ಆತ 1568ರಲ್ಲಿ ಸ್ಟ್ರಾಟ್‌ಫರ್ಡ್ ಪಟ್ಟಣದ ಮುಖ್ಯಾಧಿಕಾರಿಯಾದ. ಮಗನ ನಾಟಕಗಳಲ್ಲಿ ಕೈಗವಸುಗಾರರ ಬಾಗುಗತ್ತಿ, ಮೆತ್ತನೆಯ ಮೇಕೆಮರಿಯ ತೊಗಲು ಅಲ್ಲಲ್ಲಿ ಉಪಮೆಗಳಾಗಿ ಇಣುಕುವುದಕ್ಕೆ ಮನೆಯ ಅಂಗಡಿಯೇ ಕಾರಣ ಎಂದು ವಿದ್ವಾಂಸರು ಹೇಳುವುದುಂಟು.

ಇನ್ನೊಂದು ಕುತೂಹಲದ ಸಂಗತಿ. ಹಳೆಯ ಹದದ ತೊಗಲಿಗೆ ವಾಸನೆ ಬಿಡುತ್ತಿರಲಿಲ್ಲ. ಅದನ್ನು ಅಡಗಿಸಲು ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದವರು 16ನೇ ಶತಮಾನದಲ್ಲಿ ಕೈಗವಸುಗಳಿಗೆ ಹೂವಿನ ಪರಿಮಳ ಹತ್ತಿಸತೊಡಗಿದರು. ಅಲ್ಲಿ ಕೈಗವಸುಗಾರರೂ ಸುಗಂಧದವರೂ ಒಂದೇ ಸಂಘದವರಾದರು. ಕಾಲ ಕಳೆದಂತೆ ಕೈಗವಸು ಹಿಂದೆ ಸರಿದು ಪರಿಮಳವೇ ಮುಂದೆ ಬಂತು. ಇಂದು ಜಗತ್ತಿನ ಅತ್ತರಿನ ರಾಜಧಾನಿ ಎನಿಸಿಕೊಂಡಿರುವ ಗ್ರಾಸ್‌ನ ಮೂಲ ಬಂಡವಾಳ ತೊಗಲಿನ ನಾತ!

ಮರಿಯ ತೊಗಲೇ ಏಕೆ?

ಎಲ್ಲ ತೊಗಲೂ ಕೈಗವಸಿಗೆ ಒಗ್ಗುವುದಿಲ್ಲ. ಬೂಟಿಗೆ ಬೇಕಾದ್ದು ಗಟ್ಟಿತನ, ಕೈಗವಸಿಗೆ ಬೇಕಾದ್ದು ಹಿಗ್ಗುವ ಗುಣ. ಆದ್ದರಿಂದ ಕುರಿಮರಿ, ಮೇಕೆಮರಿಗಳ ತೊಗಲಿಗೆ ಮೊದಲ ಮಣೆ. ಮರಿ ತಾಯಿಯ ಹಾಲು ಬಿಟ್ಟು ಹುಲ್ಲು ಮೇಯಲು ತೊಡಗಿತೆಂದರೆ ತೊಗಲಿನ ನವಿರು ಕಡಿಮೆಯಾಗುತ್ತ ಹೋಗುತ್ತದೆ. ಮುಳ್ಳುಪೊದೆಯ ಗೀರು, ಉಣ್ಣೆಹುಳುವಿನ ಕಡಿತ ಎಲ್ಲವೂ ಅದರ ಮೇಲೆ ದಾಖಲಾಗುತ್ತವೆ. ಬಣ್ಣ ಹಾಕಿದ ಮೇಲೆ ಎದ್ದು ಕಾಣುತ್ತವೆ.

ಫ್ರಾನ್ಸಿನ ಮಿಯೊ ಎಂಬ ಊರು ಕೈಗವಸಿಗೆ ಹೆಸರಾದದ್ದರ ಹಿಂದೆ ಇದೇ ಗುಟ್ಟಿದೆ. ಆ ಊರಿನ ಸುತ್ತಮುತ್ತ ಕುರಿಯ ಹಾಲಿನಿಂದ ಪ್ರಸಿದ್ಧವಾದ ರೋಕ್‌ಫರ್ ಗಿಣ್ಣು ತಯಾರಾಗುತ್ತದೆ. ಹಾಲು ಗಿಣ್ಣಿಗೆ ಬೇಕು, ಹಾಗಾಗಿ ಮರಿಗಳನ್ನು ಎಳೆಯ ವಯಸ್ಸಿನಲ್ಲೇ ಕಸಾಯಿಖಾನೆಗೆ ಕಳಿಸುತ್ತಿದ್ದರು. ಅವುಗಳ ನವುರಾದ ತೊಗಲು ಮಿಯೊದ ಕೈಗವಸುಗಾರರಿಗೆ ಒದಗಿತು. ಒಂದೂರಿನ ಊಟದ ತಟ್ಟೆ ಪಕ್ಕದೂರಿನ ಕಸುಬನ್ನು ರೂಪಿಸಿದ್ದು ಹೀಗೆ. ನಾಜೂಕಿನ ಉಡುಪಿನ ಹಿಂದೆ ಹಾಲು ಬಿಡದ ಮರಿಯ ಸಾವಿದೆ ಎಂಬುದನ್ನೂ ಮರೆಯುವಂತಿಲ್ಲ.

ಹದ ಮಾಡುವ ಹಳೆಯ ವಿಧಾನದಲ್ಲಿ ಪಟಿಕ, ಉಪ್ಪು, ಗೋಧಿಹಿಟ್ಟು ಮತ್ತು ಮೊಟ್ಟೆಯ ಹಳದಿ ಭಾಗವನ್ನು ಕಲಸಿ ತೊಗಲಿಗೆ ತಿನ್ನಿಸುತ್ತಿದ್ದರು. ತೊಗಲು ಹಾಲಿನಂತೆ ಬೆಳ್ಳಗೂ ಬೆಣ್ಣೆಯಂತೆ ಮೆತ್ತಗೂ ಆಗುತ್ತಿತ್ತು. ಆದರೆ ನೀರು ಬಿದ್ದರೆ ಪಟಿಕ ತೊಳೆದುಹೋಗಿ ತೊಗಲು ಸೆಟೆಯುತ್ತಿತ್ತು. 19ನೇ ಶತಮಾನದ ಕೊನೆಯಲ್ಲಿ ಕ್ರೋಮಿಯಂ ಲವಣಗಳಿಂದ ಹದ ಮಾಡುವ ಕ್ರಮ ಬಂದ ಮೇಲೆ ಈ ತೊಂದರೆ ಬಹುಮಟ್ಟಿಗೆ ನೀಗಿತು. ಕ್ರೋಮ್ ಹದದ ತೊಗಲು ನೀರನ್ನು ತಡೆದುಕೊಳ್ಳುತ್ತದೆ; ಅದರ ಕಾರ್ಖಾನೆಯ ಕೊಳಕು ನೀರು ಮಾತ್ರ ನದಿಗಳಿಗೆ ಹೊಸ ತಲೆನೋವಾಯಿತು.

ಕತ್ತರಿ ಹಿಡಿಯುವ ಮೊದಲು

ಕಲಿಕೆಯ ನಿಜವಾದ ಕಷ್ಟ ಇರುವುದು ಹೊಲಿಗೆಯಲ್ಲಲ್ಲ, ಕತ್ತರಿಸುವುದರಲ್ಲಿ. ಬಟ್ಟೆ ನೇಯ್ದ ವಸ್ತು. ಅದರ ಹಾಸುಹೊಕ್ಕು ಎಲ್ಲ ಕಡೆಯೂ ಒಂದೇ ತೆರನಾಗಿರುತ್ತದೆ. ತೊಗಲು ಬದುಕಿದ್ದ ಪ್ರಾಣಿಯದು. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲು, ಕುತ್ತಿಗೆಯ ಕಡೆ ದಪ್ಪ. ಒಂದೇ ತೊಗಲಿನಲ್ಲಿ ಎರಡಂಗುಲ ಅತ್ತ ಇತ್ತ ಸರಿದರೆ ಗುಣವೇ ಬೇರೆ. ಆದ್ದರಿಂದ ನುರಿತ ಕತ್ತರಿಗಾರ ಮೊದಲು ತೊಗಲನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಬೆರಳಿನಿಂದ ಎಳೆದು ಅದರಲ್ಲಿ ಎಷ್ಟು ಕೈಗವಸು ಸಿಗಬಹುದು, ಎಲ್ಲಿಂದ ಯಾವ ತುಂಡು ತೆಗೆಯಬೇಕು ಎಂದು ಲೆಕ್ಕ ಹಾಕುತ್ತಾನೆ. ಎಡಗೈ ಬಲಗೈ ಎರಡೂ ಆದಷ್ಟು ಮಟ್ಟಿಗೆ ಒಂದೇ ತೊಗಲಿನವಾಗಿರಬೇಕು. ಇಲ್ಲವಾದರೆ ಹೊಸದರಲ್ಲಿ ಒಂದೇ ಬಣ್ಣವಾಗಿದ್ದ ಜೋಡಿ ಬಳಸಿದಂತೆಲ್ಲ ದಾಯಾದಿಗಳಂತೆ ಬೇರೆಬೇರೆಯಾಗುತ್ತದೆ.

ಆಮೇಲೆ ತೊಗಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ತುಸು ತೇವ ಮಾಡುತ್ತಾರೆ. ತೇವ ಹೆಚ್ಚಾದರೆ ತೊಗಲು ಸೋಲುತ್ತದೆ, ಕಡಿಮೆಯಾದರೆ ಎಳೆತಕ್ಕೆ ಬರುವುದಿಲ್ಲ. ದಪ್ಪವಿರುವ ಕಡೆ ಅಮೃತಶಿಲೆಯ ಹಲಗೆಯ ಮೇಲೆ ಹಾಸಿ, ಅಗಲವಾದ ಚಪ್ಪಟೆ ಕತ್ತಿಯಿಂದ ಒಳಮೈಯನ್ನು ಹೆರೆದು ಎಲ್ಲ ಕಡೆ ಒಂದೇ ಮಂದ ಬರುವಂತೆ ನೋಡಿಕೊಳ್ಳುತ್ತಾರೆ. ಅನಂತರ ಮೇಜಿನ ಅಂಚಿಗೆ ಒತ್ತಿ ಎಳೆಯುವ ಕೆಲಸ. ಇದೇ ಇಡೀ ವಿದ್ಯೆಯ ಮರ್ಮ.

ಕೈಗವಸು ಅಗಲಕ್ಕೆ ಹಿಗ್ಗಬೇಕು, ಉದ್ದಕ್ಕೆ ಹಿಗ್ಗಬಾರದು. ಉದ್ದಕ್ಕೆ ಹಿಗ್ಗಿದರೆ ನಾಲ್ಕು ದಿನದಲ್ಲಿ ಬೆರಳ ತುದಿಗಳು ಜೋತುಬೀಳುತ್ತವೆ. ಅಗಲಕ್ಕೆ ಹಿಗ್ಗದಿದ್ದರೆ ಮುಷ್ಟಿ ಕಟ್ಟಿದ ದಿನವೇ ಹೊಲಿಗೆ ಬಾಯಿಬಿಡುತ್ತದೆ. ಆದ್ದರಿಂದ ಕತ್ತರಿಗಾರ ತೊಗಲನ್ನು ಉದ್ದಕ್ಕೆ ಎಳೆದು ಎಳೆದು ಆ ಕಡೆಯ ಹಿಗ್ಗನ್ನೆಲ್ಲ ಮೊದಲೇ ತೆಗೆದುಬಿಡುತ್ತಾನೆ. ಅಗಲದ ಹಿಗ್ಗನ್ನು ಬೇಕಾದಷ್ಟೇ ಉಳಿಸುತ್ತಾನೆ. 'ಬೇಕಾದಷ್ಟು' ಎಂದರೆ ಎಷ್ಟು? ಅದನ್ನು ಯಾವ ಪಟ್ಟಿಯೂ ಹೇಳಲಾರದು. ರೊಟ್ಟಿ ತಟ್ಟುವ ತಾಯಿ ಹಿಟ್ಟಿಗೆ ಎಷ್ಟು ನೀರು ಎಂದರೆ 'ಹಿಟ್ಟು ಕೇಳಿದಷ್ಟು' ಎನ್ನುವುದಿಲ್ಲವೇ? ಇಲ್ಲಿಯೂ ಅಷ್ಟೇ. ಹಾಗೆ ಎಳೆದು ಸಮ ಮಾಡಿದ ತೊಗಲಿನಿಂದ ಆಯತಾಕಾರದ ತುಂಡೊಂದನ್ನು ಕತ್ತರಿಸುತ್ತಾರೆ. ಅಂಗೈ, ಮುಂಗೈ ಎರಡೂ ಸೇರಿದ ಈ ತುಂಡನ್ನು ಮಧ್ಯಕ್ಕೆ ಮಡಚಿದರೆ ಕೈಗವಸಿನ ಒಡಲು.

ಗ್ರೆನೋಬಲ್‌ನ ಕಬ್ಬಿಣದ ಕೈ

ಆಯತದ ತುಂಡಿನಲ್ಲಿ ಬೆರಳುಗಳನ್ನು ಬಿಡಿಸುವುದು ಬಹುಕಾಲ ಕತ್ತರಿಯ ಕೆಲಸವೇ ಆಗಿತ್ತು. ಒಬ್ಬೊಬ್ಬ ಕತ್ತರಿಗಾರನದು ಒಂದೊಂದು ಅಳತೆ. ಅಂಗಡಿಗೆ ಹೋದ ಗಿರಾಕಿ ತನಗೆ ಸರಿಹೊಂದುವುದು ಸಿಗುವವರೆಗೂ ಒಂದೊಂದನ್ನೇ ತೊಟ್ಟು ನೋಡಬೇಕಿತ್ತು.

ಈ ಗೊಂದಲಕ್ಕೆ ಕೊನೆ ಹಾಡಿದ್ದು ಆಲ್ಪ್ಸ್ ಪರ್ವತದ ಮಡಿಲಿನ ಫ್ರೆಂಚ್ ಪಟ್ಟಣ ಗ್ರೆನೋಬಲ್. ಅಲ್ಲಿ 1801ರಲ್ಲಿ ಹುಟ್ಟಿದ ಕ್ಸೇವಿಯರ್ ಜೂವೆಂ ಎಂಬಾತ ಕೈಗವಸಿನ ಕಸುಬಿನವನಾದರೂ ವಿಜ್ಞಾನಿಯ ಬುದ್ಧಿಯವನು. ಊರಿನ ಆಸ್ಪತ್ರೆಯಲ್ಲಿ ರೋಗಿಗಳ ಕೈಗಳನ್ನು ಅಳೆಯುತ್ತ ಹೋದ ಆತ ಮನುಷ್ಯರ ಕೈಗಳನ್ನು 320 ಬಗೆಗಳಾಗಿ ವಿಂಗಡಿಸಿದ. ಅಳತೆಯ ಈ ಪದ್ಧತಿಗೆ 1834ರಲ್ಲಿ ಹಕ್ಕುಸ್ವಾಮ್ಯ ಪಡೆದ. ನಾಲ್ಕು ವರ್ಷಗಳ ಬಳಿಕ, 1838ರಲ್ಲಿ, ಕೈಯ ಆಕಾರದ ಉಕ್ಕಿನ ಅಚ್ಚೊಂದನ್ನು ಮುಂದಿಟ್ಟ. ಅದರ ಅಂಚುಗಳೇ ಅಲಗುಗಳು. ತೊಗಲಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಅಚ್ಚನ್ನು ಇಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಹಲವು ಕೈಗವಸುಗಳ ಬೆರಳುಗಳು ಒಂದೇ ಏಟಿಗೆ ತಪ್ಪಿಲ್ಲದೆ ಬಿಡಿಸಿಕೊಳ್ಳುತ್ತಿದ್ದವು. ಫ್ರೆಂಚರು ಅದನ್ನು 'ಕಬ್ಬಿಣದ ಕೈ' ಎಂದೇ ಕರೆದರು.

ಜೂವೆಂ 1844ರಲ್ಲಿ ತೀರಿಕೊಂಡ. ಆದರೆ ಹಕ್ಕಿನ ಅವಧಿ ಮುಗಿದ ಮೇಲೆ ಆತನ ಪದ್ಧತಿ ಎಲ್ಲರ ಸೊತ್ತಾಯಿತು. ಗ್ರೆನೋಬಲ್ ಜಗತ್ತಿನ ಕೈಗವಸಿನ ರಾಜಧಾನಿಯಾಗಿ ಬೆಳೆಯಿತು. ಆ ಊರಿನಲ್ಲಿ ಜೂವೆಂ ಹೆಸರಿನ ಚೌಕವೂ ಅವನ ಪ್ರತಿಮೆಯೂ ಇವೆ. ದಂಡನಾಯಕರಿಗೂ ಕವಿಗಳಿಗೂ ಮೀಸಲಾದ ಗೌರವ ಅಳತೆಪಟ್ಟಿ ಹಿಡಿದವನಿಗೆ ದೊರೆತದ್ದು ಅಪರೂಪವೇ ಸರಿ.

ಇಂದು ತೊಗಲಿನ ಕೈಗವಸಿನ ಮೇಲೆ ಕಾಣುವ ಏಳು, ಏಳೂವರೆ, ಎಂಟು ಎಂಬ ಸಂಖ್ಯೆಗಳು ಫ್ರೆಂಚ್ ಅಳತೆಯ ಪಳೆಯುಳಿಕೆಗಳು. ಹೆಬ್ಬೆರಳನ್ನು ಬಿಟ್ಟು, ಬೆರಳಬುಡದ ಗೆಣ್ಣುಗಳ ಸುತ್ತ ಟೇಪು ಹಿಡಿದು ಅಳೆದಾಗ ಬರುವ ಸುತ್ತಳತೆಯೇ ಆ ಸಂಖ್ಯೆ. ಹಳೆಯ ಫ್ರೆಂಚ್ ಅಂಗುಲ ಸುಮಾರು 27 ಮಿಲಿಮೀಟರ್. ನಾವು ಬಳಸುವ ಇಂಗ್ಲಿಷ್ ಅಂಗುಲಕ್ಕಿಂತ ಚೂರು ದೊಡ್ಡದು. ಹೀಗಾಗಿ ಏಳರ ಅಳತೆ ಎಂದರೆ ಸುಮಾರು 19 ಸೆಂಟಿಮೀಟರ್. ಫ್ರಾನ್ಸ್ ದೇಶ ಮೆಟ್ರಿಕ್ ಪದ್ಧತಿಗೆ ಬದಲಾಗಿ ಎಷ್ಟೋ ಕಾಲವಾದರೂ ಕೈಗವಸು ಮಾತ್ರ ಹಳೆಯ ಅಂಗುಲವನ್ನು ಬಿಟ್ಟುಕೊಟ್ಟಿಲ್ಲ.

ಗಮನಿಸಬೇಕಾದ ಮಾತೊಂದಿದೆ. ಜೂವೆಂನ ಅಚ್ಚು ಬೆರಳುಗಳನ್ನು ಬಿಡಿಸುವ ಕೆಲಸವನ್ನು ಸುಲಭ ಮಾಡಿತೇ ಹೊರತು ತೊಗಲನ್ನು ಎಳೆದು ಹದಕ್ಕೆ ತರುವ ಕೆಲಸವನ್ನಲ್ಲ. ಅಗ್ಗದ ಕೈಗವಸುಗಳಲ್ಲಿ ಎಳೆತದ ಗೊಡವೆಯೇ ಇಲ್ಲದೆ ತೊಗಲಿನ ಮೇಲೆ ನೇರವಾಗಿ ಅಚ್ಚು ಹೊಡೆಯುತ್ತಾರೆ. ತೊಟ್ಟ ಒಂದು ತಿಂಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ಮೇಲ್ದರ್ಜೆಯ ಕೈಗವಸಿನಲ್ಲಿ ಅಚ್ಚಿಗೆ ಮೊದಲು ಇವತ್ತಿಗೂ ಮೇಜು ಮತ್ತು ಕೈಗಳದೇ ಆಳ್ವಿಕೆ.

ಸಂದುಗಳ ಜಾಣ್ಮೆ

ಬೆರಳುಗಳನ್ನು ಬಿಡಿಸಿದ ಒಡಲನ್ನು ಹಾಗೇ ಮಡಚಿ ಹೊಲಿದರೆ ಚಪ್ಪಟೆ ಬೆರಳಿನ ಚೀಲವಾಗುತ್ತದೆ. ನಮ್ಮ ಬೆರಳುಗಳೋ ದುಂಡಗಿವೆ. ಆದ್ದರಿಂದ ಬೆರಳು ಬೆರಳಿನ ನಡುವೆ ಕಿರಿದಾದ ಪಟ್ಟಿಗಳನ್ನು ಸೇರಿಸಬೇಕು. ಪ್ರತಿ ಸಂದಿಗೂ ಬುಡದಲ್ಲಿ ಕೂಡಿಕೊಂಡು ಕವೆಯಂತೆ ಮೇಲೇರುವ ಒಂದು ಜೋಡಿ ಪಟ್ಟಿ. ಫ್ರೆಂಚರು ಇದನ್ನು 'ಫೂರ್ಶೆಟ್' ಎನ್ನುತ್ತಾರೆ, ಅಂದರೆ ಮುಳ್ಳುಚಮಚ. ನಾಲ್ಕು ಬೆರಳಿಗೆ ಮೂರು ಸಂದು, ಮೂರು ಕವೆ. ಕವೆಯ ಬುಡದಲ್ಲಿ ಬೆರಳು ಅಗಲಿಸಿದಾಗ ಸೆಳೆತ ಬೀಳುತ್ತದಲ್ಲ, ಅಲ್ಲಿಗೆ ವಜ್ರಾಕೃತಿಯ ಪುಟ್ಟ ತುಂಡು. ಜುಬ್ಬದ ಕಂಕುಳಲ್ಲಿ ದರ್ಜಿಗಳು ಇಡುವ ಚೌಕ ತುಂಡಿನ ಕೆಲಸವನ್ನೇ ಇದು ಇಲ್ಲಿ ಮಾಡುತ್ತದೆ. ಇದನ್ನು ಎಲ್ಲ ಕೈಗವಸಿನಲ್ಲೂ ಇಡುವುದಿಲ್ಲ. ಇಟ್ಟಿದ್ದರೆ ಅದು ಕಾಳಜಿಯ ಗುರುತು.

ಹೆಬ್ಬೆರಳು ಪ್ರತ್ಯೇಕ ತುಂಡು. ಒಡಲಿನಲ್ಲಿ ಕೊರೆದ ಕಂಡಿಗೆ ಅದನ್ನು ಸುತ್ತಲೂ ಕೂಡಿಸಬೇಕು. ಕಂಡಿ ಮೊಟ್ಟೆಯಾಕಾರದ್ದು, ಹೆಬ್ಬೆರಳ ಬುಡ ಬೇರೆಯೇ ಆಕಾರದ್ದು. ಎರಡರ ಅಂಚೂ ಒಂದೇ ಉದ್ದಕ್ಕೆ ಹೊಂದಬೇಕು. ಕಲಿಯುವವರು ಹೆಚ್ಚು ತೊಗಲು ಹಾಳುಮಾಡುವುದು ಇಲ್ಲೇ. ಇನ್ನೊಂದು ಸಾಮಾನ್ಯ ಪ್ರಮಾದವೆಂದರೆ ಎರಡೂ ಎಡಗೈಗೇ ಹೊಂದುವ ಜೋಡಿ! ನಕ್ಷೆಯನ್ನು ಮಗುಚಿಡಲು ಮರೆತರೆ ಆಗುವುದೇ ಹೀಗೆ. ಅದಕ್ಕೇ ಹೊಸಬರಿಗೆ ಮೊದಲು ಅಗ್ಗದ ಬಟ್ಟೆಯಲ್ಲಿ, ಆಮೇಲೆ ಚೂರುತೊಗಲಿನಲ್ಲಿ, ಕೊನೆಗೆ ಒಳ್ಳೆಯ ತೊಗಲಿನಲ್ಲಿ ಅಭ್ಯಾಸ ಮಾಡಿಸುವುದು ವಾಡಿಕೆ.

ಬಿಚ್ಚಿ ಹೊಲಿಯಲಾಗದ ಹೊಲಿಗೆ

ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಸೂಜಿಯ ತೂತು ಮುಚ್ಚಿಹೋಗುತ್ತದೆ. ತೊಗಲಿನಲ್ಲಿ ಚುಚ್ಚಿದ್ದು ಚುಚ್ಚಿದ್ದೇ. ಸೂಜಿಯ ಪ್ರತಿ ಗುರುತೂ ಶಾಶ್ವತ. ಕೈಹೊಲಿಗೆಗೆ ಬಳಸುವ ಸೂಜಿಯ ಮೊನೆ ದುಂಡಗಿರದೆ ಮೂರು ಅಲಗಿನದಾಗಿರುತ್ತದೆ, ತೊಗಲನ್ನು ಸೀಳಿಕೊಂಡು ಹೋಗುತ್ತದೆ. ಹೊಲಿಗೆಗಳು ತೀರ ಒತ್ತಾಗಿದ್ದರೆ ಅಂಚೆಚೀಟಿಯ ಅಂಚಿನಂತೆ ಸಾಲುತೂತುಗಳಾಗಿ ತೊಗಲೇ ಹರಿಯುತ್ತದೆ. ದೂರವಾದರೆ ಸಂದು ಬಾಯಿಬಿಡುತ್ತದೆ.

ಸಮನಾದ ಅಂತರ ಸಾಧಿಸಲು ಇಂಗ್ಲೆಂಡಿನ ಸಾಮರ್ಸೆಟ್ ಕಡೆಯ ಜೇಮ್ಸ್ ವಿಂಟರ್ ಎಂಬಾತ 1807ರಲ್ಲಿ ಒಂದು ಉಪಾಯ ಕಂಡುಹಿಡಿದ. ಹಿತ್ತಾಳೆಯ ಹಲ್ಲುಗಳಿರುವ ಇಕ್ಕಳದಂಥ ಸಾಧನ. ಕಾಲಿನಿಂದ ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ತೊಗಲಿನ ಎರಡು ಅಂಚುಗಳನ್ನು ಕಚ್ಚಿ ಹಿಡಿಯುತ್ತದೆ. ಹಲ್ಲು ಹಲ್ಲಿನ ನಡುವೆ ಸೂಜಿ ತೂರಿಸುತ್ತ ಹೋದರೆ ಹೊಲಿಗೆ ಮುತ್ತು ಪೋಣಿಸಿದಂತೆ ಬರುತ್ತದೆ. ಈ ಸಾಧನಕ್ಕೆ ಅಲ್ಲಿನ ಹೆಂಗಸರು ಇಟ್ಟುಕೊಂಡ ಹೆಸರು 'ಕತ್ತೆ'.

ಹೊಲಿಗೆಯಲ್ಲೂ ಜಾತಿಗಳುಂಟು. ಒಳಹೊಲಿಗೆಯಲ್ಲಿ ಕವಸನ್ನು ತಿರುವಿ ಹೊಲಿದು ಆಮೇಲೆ ಮಗುಚುತ್ತಾರೆ. ಹೊರಗೆ ಏನೂ ಕಾಣದು, ಆದರೆ ದಪ್ಪ ತೊಗಲಿಗೆ ಆಗದು. ಎರಡು ಅಂಚುಗಳನ್ನು ಹೊರಮುಖವಾಗಿ ಜೋಡಿಸಿ ಹೊಲಿಯುವುದು ಗಡುಸು ಕೈಗವಸಿಗೆ ಸೂಕ್ತ. ಒಂದು ಅಂಚಿನ ಮೇಲೆ ಇನ್ನೊಂದನ್ನು ಏರಿಸಿ ಹೊಲಿಯುವ 'ಪೀಕೆ' ಹೊಲಿಗೆ ನಾಜೂಕಿನದು. ಅಂಚುಗಳನ್ನು ಸುತ್ತಿಕೊಂಡು ಹೋಗುವ ಸುತ್ತುಹೊಲಿಗೆ ತೀರ ತೆಳು ತೊಗಲಿಗೆ.

ಯಂತ್ರ ಬಂದ ಮೇಲೆ

19ನೇ ಶತಮಾನದ ಉತ್ತರಾರ್ಧದಲ್ಲಿ ಹೊಲಿಗೆ ಯಂತ್ರಗಳು ಈ ಕಸುಬಿಗೂ ಕಾಲಿಟ್ಟವು. ಮನೆಯಲ್ಲಿ ಅಂಗಿ ಹೊಲಿಯುವ ಯಂತ್ರ ಇಲ್ಲಿ ಅಷ್ಟಾಗಿ ನಡೆಯದು. ಕಿರುಬೆರಳಿನ ಒಳಗೆ ಯಂತ್ರದ ಹಾಸುಹಲಗೆ ಹೋಗುವುದಾದರೂ ಹೇಗೆ? ಆದ್ದರಿಂದ ಪೀಕೆ ಹೊಲಿಗೆಗೆ ಪೆನ್ಸಿಲಿನಂತೆ ಸಣ್ಣಗೆ ಮೇಲೆದ್ದ ಕಂಬದ ಯಂತ್ರವನ್ನು ರೂಪಿಸಿದರು. ಕವಸಿನ ಬೆರಳನ್ನು ಕಂಬಕ್ಕೆ ತೊಡಿಸಿದಂತೆ ಇಟ್ಟು ತಿರುಗಿಸುತ್ತ ಹೊಲಿಯಬೇಕು. ಸುತ್ತುಹೊಲಿಗೆಯ ಯಂತ್ರದಲ್ಲಿ ಎರಡು ಪುಟ್ಟ ತಟ್ಟೆಗಳಂಥ ಚಕ್ರಗಳು ಅಂಚುಗಳನ್ನು ಕಚ್ಚಿ ಮುಂದಕ್ಕೆ ಸಾಗಿಸುತ್ತವೆ.

ಯಂತ್ರದಲ್ಲಿ ಕಲಿಯುವವರಿಗೆ ಬೇರೆಯದೇ ಪಾಠ. ಗುಂಡುಸೂಜಿ ಚುಚ್ಚುವಂತಿಲ್ಲ, ತೂತು ಉಳಿಯುತ್ತದೆ. ಕ್ಲಿಪ್ಪು ಇಲ್ಲವೆ ಅಂಟಿನಿಂದ ಹಿಡಿಸಬೇಕು. ತೊಗಲಿನ ನಯವಾದ ಮೈ ಯಂತ್ರದ ಪಾದಕ್ಕೆ ಅಂಟಿಕೊಂಡರೆ ಮೇಲಿನ ಪದರ ಹಿಂದುಳಿದು ಕೆಳಗಿನದು ಮುಂದೆ ಓಡುತ್ತದೆ, ಬೆರಳು ತಿರುಚಿಕೊಳ್ಳುತ್ತದೆ. ಬೆರಳ ತುದಿಯ ತಿರುವಿನಲ್ಲಿ ವೇಗ ತಗ್ಗಿಸಿ ಒಂದೊಂದೇ ಹೊಲಿಗೆ ಹಾಕಬೇಕು. ಕೈಹೊಲಿಗೆಯಲ್ಲಿ ತಪ್ಪು ನಿಧಾನವಾಗಿ ಆಗುತ್ತದೆ, ತಡೆಯಬಹುದು. ಯಂತ್ರದಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಪ್ಪತ್ತು ತೂತು ಬಿದ್ದಿರುತ್ತದೆ. ಎರಡನ್ನೂ ಕಲಿಯುವವರು ಮೊದಲು ಕೈಹೊಲಿಗೆಯಿಂದ ಆರಂಭಿಸಿದರೆ ಒಳ್ಳೆಯದು. ತೊಗಲು ಎಲ್ಲಿ ಎಳೆಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಬೆರಳಿಗೆ ತಿಳಿದ ಮೇಲೆ ಯಂತ್ರ ಆಳಾಗುತ್ತದೆ; ಅದಕ್ಕೆ ಮೊದಲಾದರೆ ಅದೇ ಯಜಮಾನ.

ಎರಡೂ ವಿಧಾನಗಳ ಕೊನೆಯ ಹಂತ ಒಂದೇ. ಬಿಸಿ ಮಾಡಿದ ಹಿತ್ತಾಳೆಯ ಕೈಗೆ ಕವಸನ್ನು ತೊಡಿಸಿ ಸುಕ್ಕು ತೆಗೆಯುತ್ತಾರೆ. ಇಸ್ತ್ರಿಯಾದ ಕೈಗವಸು ಅಂಗಡಿಗೆ ಹೊರಡುತ್ತದೆ.

ಸೂಜಿ ಹಿಡಿದವರ ಪಾಲು

ಇಷ್ಟೆಲ್ಲ ಕೌಶಲದ ಬೆಲೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲಿಲ್ಲ. ಕತ್ತರಿಗಾರರು ಗಂಡಸರು, ಕಾರ್ಖಾನೆಯಲ್ಲಿ ಅವರಿಗೆ ಮರ್ಯಾದೆ, ಒಳ್ಳೆಯ ಕೂಲಿ, ಸಂಘ ಎಲ್ಲ ಇದ್ದವು. ಹೊಲಿಯುವವರು ಬಹುಪಾಲು ಹೆಂಗಸರು. ಗ್ರೆನೋಬಲ್ ಸುತ್ತಲಿನ ಬೆಟ್ಟದ ಹಳ್ಳಿಗಳಲ್ಲಿ, ಇಂಗ್ಲೆಂಡಿನ ಸಾಮರ್ಸೆಟ್, ವೂಸ್ಟರ್ ಸೀಮೆಗಳಲ್ಲಿ ಅವರು ಮನೆಯಲ್ಲೇ ಕುಳಿತು, ದೀಪದ ಬೆಳಕಿನಲ್ಲಿ, ಜೋಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಹೊಲಿಯುತ್ತಿದ್ದರು. ಅವರ ಹೆಸರು ಯಾವ ಪ್ರತಿಮೆಯ ಕೆಳಗೂ ಇಲ್ಲ.

ರಾಜಧಾನಿಯಲ್ಲಿ ಕೈಗೊಂಡ ಒಂದು ತೀರ್ಮಾನ ಈ ಮನೆಗಳ ಒಲೆ ಆರಿಸಬಲ್ಲದಾಗಿತ್ತು. ಇಂಗ್ಲೆಂಡ್ 1766ರಿಂದ ವಿದೇಶಿ ಕೈಗವಸುಗಳ ಆಮದನ್ನು ನಿಷೇಧಿಸಿತ್ತು. 1826ರಲ್ಲಿ ನಿಷೇಧ ತೆರವಾದಾಗ ಫ್ರೆಂಚ್ ಕೈಗವಸುಗಳು ಪ್ರವಾಹದಂತೆ ನುಗ್ಗಿದವು. ವೂಸ್ಟರ್‌ನಲ್ಲಿ ಕೈಗವಸು ನಂಬಿದ ಕುಟುಂಬಗಳು ಬೀದಿಗೆ ಬಿದ್ದವು. ಗ್ರೆನೋಬಲ್‌ನ ಸುಗ್ಗಿಯೇ ವೂಸ್ಟರ್‌ನ ಬರವಾಯಿತು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಊರಿಗೆ ಊರೇ ಈ ಕಸುಬಿನ ಹೆಸರು ಹೊತ್ತಿತು. 1828ರಲ್ಲಿ ಗ್ಲವರ್ಸ್‌ವಿಲ್ ಎಂದು ನಾಮಕರಣಗೊಂಡ ಆ ಊರು ಮುಂದೆ ಆ ದೇಶದ ಕೈಗವಸಿನ ಬಹುಭಾಗವನ್ನು ಒದಗಿಸತೊಡಗಿತು. ಪೋಲೆಂಡಿನಿಂದ ಬರಿಗೈಯಲ್ಲಿ ಬಂದ ಹುಡುಗನೊಬ್ಬ ಅಲ್ಲಿನ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಕೈಗವಸಿನ ಮಾರಾಟಗಾರನಾಗಿ, ಕೊನೆಗೆ ಹಾಲಿವುಡ್ಡಿನ ದೊಡ್ಡ ನಿರ್ಮಾಪಕನಾದ. ಆತನೇ ಸ್ಯಾಮ್ಯುಯೆಲ್ ಗೋಲ್ಡ್‌ವಿನ್. 1914ರಲ್ಲಿ ಅದೇ ಊರಿನ ಕತ್ತರಿಗಾರರು ಕೂಲಿಗಾಗಿ ದೊಡ್ಡ ಮುಷ್ಕರ ಹೂಡಿದರು. ಫಿಲಿಪ್ ರಾತ್ 1997ರಲ್ಲಿ ಪ್ರಕಟಿಸಿದ 'ಅಮೆರಿಕನ್ ಪ್ಯಾಸ್ಟೊರಲ್' ಕಾದಂಬರಿಯಲ್ಲಿ ಕೈಗವಸು ಕಾರ್ಖಾನೆಯ ವಿವರಗಳು ಪುಟಗಟ್ಟಲೆ ಬರುತ್ತವೆ. ಕುಸಿಯುತ್ತಿರುವ ಕಸುಬು ಅಲ್ಲಿ ಕುಸಿಯುತ್ತಿರುವ ಬದುಕಿನ ಕನ್ನಡಿಯಾಗಿದೆ.

ಕುಸಿತಕ್ಕೆ ಯಂತ್ರ ಕಾರಣವಲ್ಲ ಎಂಬುದು ಸೋಜಿಗ. ಎರಡನೆಯ ಮಹಾಯುದ್ಧದ ನಂತರ ಉಡುಪಿನ ರೂಢಿ ಬದಲಾಯಿತು. ಕಾರುಗಳ ಒಳಗೇ ಬೆಚ್ಚಗಾಯಿತು. ಹ್ಯಾಟು ಹೋದ ದಾರಿಯಲ್ಲೇ ಕೈಗವಸೂ ಹೋಯಿತು. ಉಳಿದ ಬೇಡಿಕೆ ಕೂಲಿ ಅಗ್ಗವಿರುವ ದೇಶಗಳತ್ತ ಹೊರಳಿತು. ಗ್ರೆನೋಬಲ್ ಬೇರೆ ಉದ್ದಿಮೆಗಳ, ವಿಜ್ಞಾನ ಸಂಶೋಧನೆಯ ಊರಾಯಿತು. ಮಿಯೊದಲ್ಲಿ 1892ರಿಂದ ನಡೆದುಬಂದ ಕೋಸ್ ಎಂಬ ಮನೆತನದ ಕಾರ್ಖಾನೆಯನ್ನು 2012ರಲ್ಲಿ ಪ್ಯಾರಿಸ್ಸಿನ ಶನೆಲ್ ಸಂಸ್ಥೆ ಕೊಂಡುಕೊಂಡಿತು. ಕತ್ತರಿಗಾರರು ಇಲ್ಲವಾದರೆ ತನ್ನ ಫ್ಯಾಷನ್ನಿಗೂ ಕೈ ಇಲ್ಲದಂತಾಗುತ್ತದೆ ಎಂಬುದು ವ್ಯಾಪಾರಿಗಳಿಗೂ ಅರ್ಥವಾಗಿತ್ತು.

ನಮ್ಮ ಕೈಗಳು

ಭಾರತ ಬಿಸಿಲಿನ ದೇಶ. ಷೋಕಿಯ ಕೈಗವಸು ನಮಗೆ ಬೇಡ. ಆದರೆ ಕೆಲಸದ ಕೈಗವಸು ಮಾಡುವುದರಲ್ಲಿ ನಾವು ಹಿಂದಿಲ್ಲ. ಕೋಲ್ಕತ್ತ ಇದರ ದೊಡ್ಡ ಕೇಂದ್ರ. ಅಲ್ಲಿನ ಟಾಂಗ್ರಾ ಮುಂತಾದ ಬಡಾವಣೆಗಳ ಚರ್ಮದ ಘಟಕಗಳು 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ನಗರದಂಚಿನ ಬಾಂತಾಲಾಕ್ಕೆ ಸ್ಥಳಾಂತರಗೊಳ್ಳಬೇಕಾಯಿತು. ವೆಲ್ಡಿಂಗ್ ಮಾಡುವವರ, ಗಾಜು ಮತ್ತು ಲೋಹದ ತಗಡು ಹಿಡಿಯುವವರ ಕೈಗವಸುಗಳು ಅಲ್ಲಿಂದ ಹಲವು ದೇಶಗಳಿಗೆ ಹೋಗುತ್ತವೆ. ಈ ಕೈಗವಸುಗಳಿಗೆ ನಾಜೂಕಿಲ್ಲ, ಆದರೆ ಹೊಣೆ ದೊಡ್ಡದು. ಉಜ್ಜಾಟ, ಕೊಯ್ತ, ಹರಿತ, ಚುಚ್ಚುವಿಕೆಗಳನ್ನು ಎಷ್ಟು ತಡೆಯುತ್ತದೆ ಎಂದು ಯುರೋಪಿನ 'ಇಎನ್ 388' ಮಾನದಂಡದ ಪ್ರಕಾರ ಪರೀಕ್ಷೆಯಾಗುತ್ತದೆ. ಇಲ್ಲಿ ಹೊಲಿಗೆ ಬಿಟ್ಟರೆ ಹೋಗುವುದು ಅಂದವಲ್ಲ, ಬೆರಳು.

ನಮಗೆ ಇನ್ನೂ ಹತ್ತಿರದ್ದು ವಿಕೆಟ್‌ಕೀಪರನ ಕೈಗವಸು. ಮೀರತ್ ಮತ್ತು ಜಲಂಧರಗಳ ಕ್ರೀಡಾಸಾಮಗ್ರಿ ಕಾರ್ಖಾನೆಗಳಲ್ಲಿ ಇವು ತಯಾರಾಗುತ್ತವೆ. ಕ್ರಿಕೆಟ್ ನಿಯಮದ ಪ್ರಕಾರ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮಾತ್ರ ಜಾಲರಿಯಂಥ ತೊಗಲಿರಬಹುದು. ಉಳಿದ ಬೆರಳುಗಳ ನಡುವೆ ಇರಕೂಡದು. ಗ್ರೆನೋಬಲ್‌ನವರು ತಲೆಕೆಡಿಸಿಕೊಂಡ ಅದೇ ಸಂದಿನ ಪ್ರಶ್ನೆ ಇಲ್ಲಿ ಕಾನೂನಿನ ಕಲಮಾಗಿದೆ. 1983ರ ವಿಶ್ವಕಪ್ಪಿನಲ್ಲಿ ಅತ್ಯುತ್ತಮ ವಿಕೆಟ್‌ಕೀಪರ್ ಎನಿಸಿಕೊಂಡ ನಮ್ಮ ಸೈಯದ್ ಕಿರ್ಮಾನಿ ಹಿಡಿದ ಕ್ಯಾಚುಗಳನ್ನು ನೆನೆಯುವವರು ಆ ಕೈಗವಸು ಹೊಲಿದವರನ್ನೂ ಒಂದು ಕ್ಷಣ ನೆನೆಯಬಹುದು.

ನೆನೆಯುವುದಕ್ಕೆ ಇನ್ನ���ಂದು ಕಾರಣವೂ ಇದೆ. ತೊಗಲು ಹದ ಮಾಡಿ ಹೊಲಿಯುತ್ತಿದ್ದವನೊಬ್ಬ ಸ್ಟ್ರಾಟ್‌ಫರ್ಡ್‌ನಲ್ಲಿ ಊರಿನ ಮುಖ್ಯಾಧಿಕಾರಿಯಾದ. ನಮ್ಮಲ್ಲಿ ಅದೇ ವಿದ್ಯೆ ಬಲ್ಲವರನ್ನು ಊರ ಹೊರಗಿಟ್ಟೆವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯನವರನ್ನು ತಮ್ಮ ಸಮಾನರೆಂದು ಅಪ್ಪಿಕೊಂಡದ್ದು ಎಂಥ ಬಂಡಾಯವಾಗಿತ್ತೆಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ಜಿಲ್ಲೆಗಳ ಜತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಕುಶಲಕರ್ಮಿಗಳೂ ಅದರ ಹಕ್ಕುದಾರರಾದರು. ಗುರುತು ಸಿಕ್ಕಿತು, ಆದರೆ ವಿದ್ಯೆ ಮುಂದಿನ ತಲೆಮಾರಿಗೆ ಸಾಗಬೇಕಾದರೆ ಮರ್ಯಾದೆಯೂ ಕೂಲಿಯೂ ಜತೆಗೆ ಸಾಗಬೇಕು. ಯುರೋಪಿನ ಕೈಗವಸಿನ ಊರುಗಳ ಕತೆ ಹೇಳುವುದೂ ಇದನ್ನೇ.

ಉಕ್ಕಿನ ಅಚ್ಚನ್ನು ಎರಕ ಹೊಯ್ದು ನೂರು ಮಾಡಬಹುದು. ಹೊಲಿಗೆ ಯಂತ್ರವನ್ನು ಹಣ ಕೊಟ್ಟು ತರಬಹುದು. ಮೇಜಿನ ಅಂಚಿಗೆ ತೊಗಲನ್ನು ಎಳೆದು, 'ಸಾಕು, ಇನ್ನು ಎಳೆಯಬೇಡ' ಎಂದು ಹೇಳುವ ಬೆರಳುಗಳನ್ನು ಮಾತ್ರ ಒಂದು ಕೈ ಇನ್ನೊಂದು ಕೈಗೆ ವರ್ಷಗಟ್ಟಲೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕು. ಕನ್ನಡದಲ್ಲಿ ಇದಕ್ಕೆ ಬಹು ಹಿಂದಿನಿಂದಲೂ ಒಂದು ಮಾತಿದೆ. ತೊಗಲಿಗೂ, ಹೊಲಕ್ಕೂ, ಅಡುಗೆಗೂ ನಾವು ಬಳಸುವ ಆ ಮಾತು ಒಂದೇ: ಹದ. ಅದು ಪುಸ್ತಕದಲ್ಲಿ ಸಿಗುವುದಿಲ್ಲ. ಬಲ್ಲವರ ಕೊನೆಯ ತಲೆಮಾರು ಮೇಜು ಬಿಟ್ಟು ಎದ್ದ ಮೇಲೆ ಎಲ್ಲಿಯೂ ಸಿಗುವುದಿಲ್ಲ.